ಗದ್ದಿಗೆಗೆ ಕೂತವನ ಗುಳಿಗೆ

ಮನೆಯ ಮುಂದೆ ಚಪ್ಪಲಿಗಳ ರಾಶಿ ಕಂಡ ಕೂಡಲೇ ಮಾಲಿಂಗಪ್ಪ ನಿಂತಲ್ಲೇ ನಿಂತ. ತಮ್ಮಂಥವರ ಮನೆಯ ಮುಂದೆ ಅಷ್ಟು ಚಪ್ಪಲಿ ಬೀಳುವುದು ಮದುವೆಗೆ, ಇಲ್ಲವೇ ಹೆಣಕ್ಕೆ. ಮದುವೆಗೆ ಉಳಿದವನು ಅವನೊಬ್ಬನೇ. ಅವನಂತೂ ಈಗಷ್ಟೇ ಹುಕ್ಕೇರಿಯಿಂದ ಬಂದು ಬಸ್ಸಿಳಿದು ಬೀದಿಯಲ್ಲಿ ನಿಂತಿದ್ದ. ಹಾಗಾದರೆ ಬೆನ್ನು ಮುರಿದುಕೊಂಡಿದ್ದ ಅಣ್ಣ ಹೋದ.

ಕೈಯಲ್ಲಿದ್ದ ಚೀಲ ಎಲ್ಲಿ ಬಿತ್ತೋ ಅವನಿಗೆ ತಿಳಿಯಲಿಲ್ಲ. ಮಂದಿಯನ್ನು ಮೊಣಕೈಯಿಂದ ಸರಿಸುತ್ತ ಒಳಗೆ ನುಗ್ಗಿದ.

ಅಣ್ಣ ಮುತ್ತಪ್ಪ ಸತ್ತಿರಲಿಲ್ಲ. ಪಡಸಾಲೆಯಲ್ಲಿ ಹೊಸ ಕರಿ ಕಂಬಳಿ ಹಾಸಿ, ಗೋಡೆಗೆ ದಿಂಬು ಕೊಟ್ಟು ಅವನನ್ನು ಆನಿಸಿ ಕೂಡಿಸಿದ್ದರು. ಹಣೆಯಿಂದ ಹೊಕ್ಕುಳ ತನಕ ಭಂಡಾರ, ದೇವರ ಅರಿಶಿನ ಪುಡಿ, ಬಳಿದಿದ್ದರು. ಕೊರಳಲ್ಲಿ ಚೆಂಡು ಹೂವಿನ ಮಾಲೆ. ಮೈ ಗಡಗಡ ನಡುಗುತ್ತಿತ್ತು, ತಲೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳುತ್ತಿತ್ತು. ಕಣ್ಣು ತೆರೆದಿದ್ದವು, ಆದರೆ ಆ ಕೋಣೆಯಲ್ಲಿದ್ದ ಯಾರನ್ನೂ ನೋಡುತ್ತಿರಲಿಲ್ಲ. ಬಾಜೂಕ್ಕೆ ಭಂಡಾರದ ಚೀಲ ತೊಡೆಯ ಮೇಲಿಟ್ಟುಕೊಂಡು ಲಗಮಣ್ಣ ಕಾಕಾ ಕೂತಿದ್ದ. ಕಾಕಾ ಅವರ ತೀರಿಹೋದ ಅಪ್ಪನ ತಮ್ಮ. ಮಮದಾಪುರದ ಕುರುಬರ ಓಣಿಯ ಬೀರದೇವರ ಗುಡಿಗೆ ಪೂಜಾರಿ.

ಮುಂದೆ ಮುದುಕಿ ಸುಂದ್ರವ್ವ ಸೆರಗೊಡ್ಡಿ ಕೇಳುತ್ತಿದ್ದಳು. "ಯಪ್ಪಾ, ನನ್ನ ಗಬ್ಬದ ಕುರಿ ತಪ್ಪಿಸ್ಕೊಂಡು ಹೋಗೇತಿ. ಯಾವ ದಿಕ್ಕಿಗೆ ಹುಡುಕ್ಲಿ, ಹೇಳು."

ಮುತ್ತಪ್ಪ ಗೋಡೆಯ ಕಡೆ ಕೈ ಎತ್ತಿದ. ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. "ಗ್ವಾಡಿ ಹತ್ತಾಕತ್ತಾವ... ನೋಡ್ರಿ... ಎಲ್ಲಾ ಹತ್ತಾಕತ್ತಾವ. ಕೆಳಗ ಇಳಸ್ರಿ ಅವನ್ನ."

ಕಾಕಾ ಕಣ್ಣು ಮುಚ್ಚಿ ಕ್ಷಣ ಹೊತ್ತು ಯೋಚಿಸಿದ. "ಗ್ವಾಡಿ ಅಂದ್ರ ಗುಡ್ಡಾ. ಗುಡ್ಡದ ಕಡೆ ಹುಡುಕ್ರಿ."

"ಹೌದ್ನೋಡ," ಎಂದು ಹಿಂದಿನಿಂದ ಯಾರೋ ತಲೆದೂಗಿದರು. "ಮೊನ್ನಿ ಅಲ್ಲೇ ಮೇಯಾಕತ್ತಿತ್ತು."

ಮಾಲಿಂಗಪ್ಪ ಬಗ್ಗಿ ಅಣ್ಣನ ಕೊರಳಿಗೆ ಕೈಯಿಟ್ಟ. ಕಾದ ಹಂಚಿನಂತೆ ಸುಡುತ್ತಿತ್ತು. ಕಾಲು ಮುಟ್ಟಿದ. ಕಾಲಲ್ಲ ಅದು, ತೊಲೆ. ಮೊಣಕಾಲು ಬಗ್ಗಿಸಲು ನೋಡಿದರೆ ಒಂದಿಷ್ಟೂ ಬಗ್ಗಲಿಲ್ಲ. ಹೆಣ ನೋಡುತ್ತೇನೆಂದು ಓಡಿಬಂದವನ ಅಂಜಿಕೆ ಅಲ್ಲೇ ಇಳಿದು, ಅದರ ಜಾಗದಲ್ಲಿ ಸಿಟ್ಟು ಹತ್ತಿತು. ಏನಾಗಿದೆ ಎಂಬುದು ಅವನಿಗೆ ಆ ಕ್ಷಣವೇ ತಿಳಿಯಿತು.

ಕಳೆದ ವರ್ಷದ ಹಿಂದಿನ ಕಬ್ಬಿನ ಹಂಗಾಮಿನಲ್ಲಿ ಟ್ರೇಲರಿನ ಹೇರಿನ ಮೇಲೆ ನಿಂತು ಹಗ್ಗ ಬಿಗಿಯುತ್ತಿದ್ದ ಮುತ್ತಪ್ಪ, ಹಗ್ಗ ಹರಿದು ಬೆನ್ನಡಿಯಾಗಿ ಬಿದ್ದಿದ್ದ. ಬೆನ್ನುಹುರಿಗೆ ಪೆಟ್ಟು. ಸೊಂಟದ ಕೆಳಗೆ ಶಕ್ತಿ ಹೋಯಿತು, ಆದರೆ ಕಾಲು ಸುಮ್ಮನೆ ಬೀಳಲಿಲ್ಲ. ಕಟ್ಟಿಗೆಯಂತೆ ಸೆಟೆದುಕೊಳ್ಳುವುದು, ಮಲಗಿದಲ್ಲೇ ಝಾಡಿಸಿ ಮನುಷ್ಯನನ್ನು ಹೊರಸಿನಿಂದ ಕೆಳಗೆ ಕೆಡವುವುದು. ಗೋಕಾಕದ ಡಾಕ್ಟರು ಸ್ನಾಯು ಸಡಿಲ ಮಾಡುವ ಗುಳಿಗೆ ಬರೆದುಕೊಟ್ಟರು. ಬ್ಯಾಕ್ಲೋಫೆನ್ ಅಂತ ಅದರ ಹೆಸರು. ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದರು. ಕಾಲು ಬಗ್ಗಿದವು. ಮುತ್ತಪ್ಪ ಖುರ್ಚಿಯಲ್ಲಿ ಕೂತ, ಗೋಡೆ ಹಿಡಿದು ನಿಂತ, ಮನುಷ್ಯನಂತೆ ನಿದ್ದೆ ಮಾಡಿದ.

ಅವತ್ತು ಡಾಕ್ಟರು ಮಾಲಿಂಗಪ್ಪನನ್ನೂ ಅಣ್ಣನ ಹೆಂಡತಿ ನಾಗರತ್ನಾ ವೈನಿಯನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದ್ದರು: "ಇದು ಬ್ಯಾನಿ ಗುಳಿಗಿ ಅಲ್ಲ, ನೋವಾದಾಗ ನುಂಗಿ ಹಗರಾದ ಮ್ಯಾಲ ಬಿಡಾಕ. ಹೊತ್ತಿಗೆ ಸರಿಯಾಗಿ ಕೊಡಬೇಕು. ಮಂಪರ ಬರ್ತೇತಿ, ಒಲಿ ಮುಂದ, ಬಾವಿ ದಂಡಿಗೆ ಒಬ್ಬನ್ನ ಕೂಡಸಬ್ಯಾಡ್ರಿ. ಸೆರೆ ಮುಟ್ಟೂಹಂಗಿಲ್ಲ. ನಡಾ ನೋಯ್ತೇತಿ ಅಂತ ಓಣಿ ಮಂದಿ ಕೇಳಿದ್ರ ಕೊಡೂಹಂಗಿಲ್ಲ. ಎಲ್ಲಾಕ್ಕಿಂತ ದೊಡ್ಡ ಮಾತ ಅಂದ್ರ, ಒಮ್ಮಿಗೇ ಬಿಡೂಹಂಗಿಲ್ಲ. ನಿಲ್ಲಸೂದಾದ್ರ ನಾ ಹೇಳಿದಂಗ ಹಂತ ಹಂತವಾಗಿ ಇಳಿಸಿ ನಿಲ್ಲಸೂದು. ಒಮ್ಮಿಗೇ ಬಿಟ್ರ ಜ್ವರಾ ಬಂದು, ಕಾಲ ಮೊದಲಿಗಿಂತ ಸೆಟೀತಾವ, ಇಲ್ಲದ್ದು ಕಣ್ಣಿಗೆ ಕಾಣ್ತೇತಿ, ಫಿಟ್ಸ್ ಬರ್ತಾವ. ಜೀವಕ್ಕೂ ಧೋಕಾ ಐತಿ. ಏನ ಹೇಳಿದ್ನಿ? ಹೇಳು ನೋಡೂಣು."

ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟ ಮೇಲೆ ಮಾಲಿಂಗಪ್ಪನಿಗೆ ಯಾರೂ ಪಾಠ ಒಪ್ಪಿಸಲು ಹೇಳಿರಲಿಲ್ಲ. ಅವತ್ತು ಒಪ್ಪಿಸಿದ. ಒಮ್ಮೆ ಗೋಕಾಕದಲ್ಲಿ ಆ ಗುಳಿಗೆ ಸಿಗದಿದ್ದಾಗ ಮೂಡಲಗಿಯ ತನಕ ಮಂದಿಯ ಮೋಟಾರ್‌ಸೈಕಲ್ ಬೇಡಿ ಒಯ್ದು, ಅಂಗಡಿ ಅಂಗಡಿ ತಿರುಗಿ ತಂದಿದ್ದ. ಹುಕ್ಕೇರಿಯ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಎಣ್ಣೆ ಗ್ರೀಸಿನಲ್ಲಿ ಹೊರಳಿ ಗಳಿಸಿದ ಪಗಾರದಲ್ಲಿ ಮೊದಲು ತೆಗೆದಿಡುತ್ತಿದ್ದದ್ದು ಅದಕ್ಕೇ. ವೈನಿ ಈ ವಾರ ಬಸುರಿ ತಂಗಿಯ ಕುಬುಸಕ್ಕೆಂದು ತುಕ್ಕಾನಟ್ಟಿಗೆ ಹೋಗಿದ್ದಳು. ಗುಳಿಗೆ ಕೊಡುವ ಕೆಲಸ ಅವ್ವ ವಹಿಸಿಕೊಂಡಿದ್ದಳು.

"ಯವ್ವಾ," ಎಂದ. "ಯಾವಾಗಿಂದ ಹಿಂಗ ಅದಾನ?"

ಅವ್ವ ರಾಮವ್ವನ ಮುಖದಲ್ಲಿ ಹೊಸ ಕಳೆಯಿತ್ತು. "ನಿನ್ನಿ ಹೊತ್ತ ಮುಣಗಿದಾಗಿಂದ. ಇಳದೇ ಇಲ್ಲ ನೋಡು ದ್ಯಾವರು."

"ಗುಳಿಗಿ ಕೊಟ್ಟಿಯೇನ?"

"ಮೊದಲ ಅಡ್ಡ ಬೀಳು. ದೂರದಿಂದ ಬಂದಿ."

"ಗುಳಿಗಿ ಎಲ್ಲಿ ಅದಾವ, ಯವ್ವಾ?"

ಅವಳು ಸೆರಗು ಸರಿಮಾಡಿಕೊಂಡು ಲಗಮಣ್ಣನ ಕಡೆ ನೋಡಿದಳು. ಉತ್ತರ ಕಾಕಾನಿಂದ ಬಂತು. "ಮುತ್ಯಾನ ಕಾಲದ ಗದ್ದಿಗಿ ಇದು, ಮಾಲಿಂಗಾ. ನನಗರ ಗಂಡಸ ಮಕ್ಕಳಿಲ್ಲ. ನನ್ನ ಹಿಂದ ಮುತ್ತಪ್ಪನ್ನ ಪೂಜೇರಿ ಮಾಡೂದಂತ ಹಿರ್ಯಾರು ಕೂಡಿ ಮಾತಾಡೇವಿ. ಗದ್ದಿಗಿಗೆ ಕುಂಡ್ರೂಕಿಂತ ಮೊದಲ ಹಾಲು, ಭಂಡಾರ ಬಿಟ್ರ ಬಾಯಾಗ ಏನೂ ಹೋಗೂಹಂಗಿಲ್ಲ. ಇಂಗ್ಲಿಷ್ ಔಷಧಾ ಅಂತೂ ಮುಟ್ಟೂಹಂಗs ಇಲ್ಲ. ಇದೇನ ನಾ ಮಾಡಿದ ಕಟ್ಟಳಿ ಅಲ್ಲ. ನಾನೂ ಕುಂಡ್ರುಮುಂದ ಹಿಂಗs ಕುಂತೇನಿ."

"ನೀ ಕುಂತಾಗ ನಿನ್ನ ಬೆನ್ನ ಮುರದಿತ್ತೇನ?"

ಮುಂದೆ ಕೂತವರೆಲ್ಲ ಇವನತ್ತ ತಿರುಗಿದರು.

"ದ್ಯಾವರ ಮುಂದ ದನಿ ಇಳಿಸಿ ಮಾತಾಡು," ಎಂದ ಕಾಕಾ.

"ದ್ಯಾವರ ಮುಂದ ಇಳಸ್ತೀನಿ. ಇದು ದ್ಯಾವರಲ್ಲ. ಗುಳಿಗಿ ಬಿಡಿಸಿದ್ದಕ್ಕ ಆಗಿದ್ದಿದು. ಡಾಕ್ಟರ್ ನನ್ನ ಮುಂದ ಇದನ್ನ ಹಿಂಗಿಂದ ಹಿಂಗs ಹೇಳ್ಯಾರ. ಜ್ವರಾ, ಸೆಟಿಯೂದು, ಇಲ್ಲದ್ದು ಕಾಣೂದು. ಎಬ್ಬಸ್ರಿ ಅವನ್ನ. ಗೋಕಾಕಕ್ಕ ಒಯ್ಯೂಣು."

"ಹುಕ್ಕೇರಿ ನೀರ ಕುಡದ ಮ್ಯಾಲ ಹುಡುಗ ಡಾಕ್ಟರಾಗ್ಯಾನ," ಎಂದು ಬಾಗಿಲ ಬಳಿಯಿದ್ದ ಶೆಟ್ಟೆಪ್ಪ ನಕ್ಕ. "ಗ್ಯಾರೇಜದಾಗ ಮನಶ್ಯಾರನ್ನೂ ರಿಪೇರಿ ಮಾಡ್ತಾರೇನಪಾ?"

"ನಿನ್ನ ಬಾಯಿ ರಿಪೇರಿ ಮಾಡಾಕ ನಟ್ ಬಿಚ್ಚೂ ಪಾನಾ ಒಂದ ಸಾಕು, ಶೆಟ್ಟೆಪ್ಪಣ್ಣಾ. ಈ ಕಡೆ ಬಾ."

ಇಬ್ಬರು ಎದ್ದು ಮಾಲಿಂಗಪ್ಪನ ರಟ್ಟೆ ಹಿಡಿದರು. ಹಿಡಿದವರು ಹೊಸಬರಲ್ಲ, ಅವನ ಜೊತೆ ಗೋಲಿ ಆಡಿದವರು. ಅವನನ್ನು ಎಳೆದೊಯ್ದು ಕಟ್ಟೆಯ ಮೇಲೆ ಕೂಡಿಸಿದರು. "ಸಿಟ್ಟ ಇಳದ ಮ್ಯಾಲ ಒಳಗ ಬಾ," ಎಂದರು, ಎಳೆಯ ಮಗುವಿಗೆ ಹೇಳಿದಂತೆ.

ಮಾಲಿಂಗಪ್ಪನಿಗೆ ದೇವರ ಮೇಲೆ ಸಿಟ್ಟಿರಲಿಲ್ಲ. ಕಾಕಾನ ಮೈಮೇಲೆ ದೇವರು ಬರುವುದನ್ನು ಸಣ್ಣವನಿದ್ದಾಗಿನಿಂದ ನೋಡಿದ್ದ. ಡೊಳ್ಳಿನ ಪೆಟ್ಟು ಏರಿದಂತೆ ಬರುತ್ತಿತ್ತು, ಭಂಡಾರ ಹಾರಿಸಿದ ಮೇಲೆ ಇಳಿಯುತ್ತಿತ್ತು. ಇಳಿದ ಮೇಲೆ ಕಾಕಾ ಒಂದು ತಂಬಿಗೆ ನೀರು ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಕುರಿ ರೇಟು ಮಾತಾಡುತ್ತ ಕೂಡುತ್ತಿದ್ದ. ಅಲ್ಲಿ ಬಂದದ್ದಕ್ಕೆ ಹೋಗುವ ದಾರಿಯಿತ್ತು. ಇಲ್ಲಿ ಡೊಳ್ಳಿರಲಿಲ್ಲ, ಏರಿಳಿತವಿರಲಿಲ್ಲ. ಒಬ್ಬ ಮನುಷ್ಯ ಎಲ್ಲರ ಕಣ್ಣೆದುರಿಗೆ ಸಾಯುತ್ತಿದ್ದ, ಮಂದಿ ಅವನಿಗೆ ಕುರಿ ಎಲ್ಲಿದೆ ಎಂದು ಕೇಳುತ್ತಿದ್ದರು.

ಅವನು ಮನೆ ಸುತ್ತಿ ಹಿತ್ತಲ ಬಾಗಿಲಿನಿಂದ ಅಡುಗೆ ಮನೆಗೆ ಹೊಕ್ಕ. ಗುಳಿಗೆ ಹುಡುಕುವುದು ಕಷ್ಟವಾಗಲಿಲ್ಲ. ಅವ್ವ ಏನನ್ನೇ ಮುಚ್ಚಿಟ್ಟರೂ ಜೋಳದ ಹಿಟ್ಟಿನ ಡಬ್ಬಿಯಲ್ಲೇ ಮುಚ್ಚಿಡುತ್ತಿದ್ದಳು. ಹಿಟ್ಟು ಝಾಡಿಸಿ ಗುಳಿಗೆಯ ಪಟ್ಟಿ ತೆಗೆದ. ಒಂದೂ ಒಡೆದಿರಲಿಲ್ಲ. ಅದನ್ನು ನೋಡಿ ಅವನ ಕಣ್ಣು ಕೆಂಪಾದವು. ಚಟಚಟನೆ ಒಡೆದು ಗುಳಿಗೆಗಳನ್ನು ಅಂಗೈಗೆ ಸುರಿದುಕೊಂಡ. ವೈನಿ ಹೋದಾಗಿನಿಂದ ಬಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಅಣ್ಣನ ಗಂಟಲಿಗೆ ಇಳಿಸಿಬಿಡಬೇಕು, ಯಾವನು ಅಡ್ಡ ಬರುತ್ತಾನೋ ಬರಲಿ ಎನ್ನುವುದಷ್ಟೇ ಅವನ ತಲೆಯಲ್ಲಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ನಾಗರತ್ನಾ.

"ಊರಿಗೆ ಬಂದಿಯೇನ, ಮಾಲಿಂಗಾ? ಅತ್ತಿ ಫೋನ್ ಎತ್ತವಲ್ರು. ಸುಂದ್ರವ್ವನ ಮೊಮ್ಮಗಳು ಏನೇನೋ ಹೇಳಾಕತ್ತಾಳ. ನಿಮ್ಮಣ್ಣಾರಿಗೆ ದ್ಯಾವರು ಬಂದೇತಂತ."

"ದ್ಯಾವರು ಬಂದಿಲ್ಲ, ವೈನಿ. ಗುಳಿಗಿ ಒಂದೂ ಕೊಟ್ಟಿಲ್ಲ. ಮೈ ಸುಡಾಕತ್ತೇತಿ, ಎಚ್ಚರಿಲ್ಲ. ಈಗ ನಾ ಕುಡಸ್ತೀನಿ."

"ನಿನ್ನ ಕೈಯಾಗ ಎಷ್ಟ ಅದಾವ?"

ಅವನು ಅಂಗೈ ನೋಡಿಕೊಂಡ. "ಅದಾವ ಒಂದಿಷ್ಟು."

"ಮಾಲಿಂಗಾ, ಕೇಳಿಲ್ಲೆ. ಬಿಟ್ಟದ್ದನ್ನ ಕೂಡಿಸಿ ಕೊಡಬಾರದಂತ ಡಾಕ್ಟರ್ ಹೇಳಿರಲಿಲ್ಲೇನ? ಒಮ್ಮಿಗೇ ಅಷ್ಟ ಹೋದ್ರ ಉಸುರs ನಿಲ್ತೇತಿ. ಎಚ್ಚರಿಲ್ಲದವನ ಬಾಯಾಗ ಒಂದ ಗುಳಿಗಿನೂ ಹಾಕಬ್ಯಾಡ, ನೀರೂ ಹಾಕಬ್ಯಾಡ, ಗಂಟಲಾಗ ಸಿಗ್ತೇತಿ. ಕೆಳಗ ಇಡು ಅವನ್ನ. ಇಟ್ಟಿಯೇನ?"

ಅವನು ಗುಳಿಗೆಗಳನ್ನು ಒಲೆಯ ಕಟ್ಟೆಯ ಮೇಲೆ ಸುರಿದ. ಆ ಮಾತನ್ನೂ ಡಾಕ್ಟರು ಹೇಳಿದ್ದರು. ಪಾಠ ಒಪ್ಪಿಸಿದವನು ಅದನ್ನು ಮರೆತಿದ್ದ. ಮರೆಸಿದ್ದು ಸಿಟ್ಟು.

"ಇಟ್ನಿ," ಎಂದ.

"ಪಟ್ಟಿ, ಚೀಟಿ ಎರಡೂ ಕಿಸೆದಾಗ ಹಾಕ್ಕೋ. ಗಾಡಿ ಮಾಡು. ನಾ ಇಲ್ಲಿಂದ ನೇರವಾಗಿ ಗೋಕಾಕಕ್ಕ ಬರ್ತೀನಿ."

ಪಡಸಾಲೆಯಲ್ಲಿ ಒಮ್ಮೆಲೇ ಗದ್ದಲವೆದ್ದಿತು. ಮಾಲಿಂಗಪ್ಪ ಒಳಬಾಗಿಲಿನಿಂದ ಓಡಿಬಂದಾಗ ಮುತ್ತಪ್ಪನ ಬೆನ್ನು ಬಿಲ್ಲಿನಂತೆ ಸೆಟೆದಿತ್ತು. ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡಿದ್ದವು. ಹಲ್ಲು ಕಚ್ಚಿದ ಬಾಯಿಂದ ನೊರೆ, ನೊರೆಯಲ್ಲಿ ರಕ್ತ. ಕೈಗಳು ನೆಲಕ್ಕೆ ಬಡಿಯುತ್ತಿದ್ದವು. ಮುಂದೆ ಕೂತವರೆಲ್ಲ ಒಮ್ಮೆಗೇ ನೆಲಕ್ಕೆ ಹಣೆ ಹಚ್ಚಿದರು. "ಚಾಂಗಭಲೋ" ಎಂಬ ಕೂಗು ಮಾಳಿಗೆಗೆ ಬಡಿಯಿತು. ಯಾರೋ ಮುಷ್ಟಿ ತುಂಬ ಭಂಡಾರ ಎರಚಿದರು. ಅದು ಮುತ್ತಪ್ಪನ ತೆರೆದ ಕಣ್ಣೊಳಗೆ ಬಿತ್ತು. ಅವನು ಕಣ್ಣು ಮಿಟುಕಿಸಲಿಲ್ಲ.

ಮಾಲಿಂಗಪ್ಪ ಬಗ್ಗಿದವರ ಬೆನ್ನುಗಳ ಮೇಲೆ ಕಾಲಿಟ್ಟುಕೊಂಡೇ ಹೋದ. ಅಣ್ಣನನ್ನು ಮಗ್ಗಲು ಮಾಡಿ ಹಿಡಿದ. "ಬಾಯಾಗ ಯಾರೂ ಏನೂ ತುರಕಬ್ಯಾಡ್ರಿ," ಎಂದು ಒದರಿದ. ಶೆಟ್ಟೆಪ್ಪ ಅವನ ಅಂಗಿ ಹಿಡಿದು ಹಿಂದಕ್ಕೆಳೆದ. "ಗದ್ದಿಗಿ ಮುಟ್ಟಬ್ಯಾಡಲೇ, ಹುಚ್ಚಾ."

ಆಗ ರಾಮವ್ವ ಕೈ ಮುಂದೆ ಚಾಚಿ ಕಂಬಳಿ ಮುಟ್ಟಿದಳು. ಮುಟ್ಟಿದ ಕೈಯನ್ನು ನೋಡಿಕೊಂಡಳು. ಮತ್ತೊಮ್ಮೆ ಮುಟ್ಟಿದಳು.

"ಕಂಬಳಿ ತೊಯ್ದೇತಿ," ಎಂದಳು.

ಯಾರಿಗೂ ಕೇಳಿಸಲಿಲ್ಲ. ಅವಳು ಎದ್ದು ನಿಂತಳು. "ಲಗಮಣ್ಣಾ, ಕಂಬಳಿ ತೊಯ್ದೇತಿ. ಇಷ್ಟ ವರ್ಷ ನಿನ್ನ ಮೈಮ್ಯಾಲ ದ್ಯಾವರು ಬರೂದ ನೋಡೇನಿ. ಒಂದಿನಾನೂ ದ್ಯಾವರು ಕುಂತ ಕಂಬಳಿ ತೊಯ್ದಿಲ್ಲ." ಮಗನ ಹತ್ತಿರ ಸರಿದಳು. "ಇವ ದ್ಯಾವರಲ್ಲ. ನನ್ನ ಮಗಾ. ಕಾಲ ಹಿಡಿ, ಎತ್ತು."

ಕಾಕಾ ಕೂತಲ್ಲೇ ಕಲ್ಲಾಗಿದ್ದ. ಅವಳು ಮಗನ ಕೊರಳಿನ ಮಾಲೆಗೆ ಕೈ ಹಾಕಿ ಕಿತ್ತಳು. ಹೂವು ಚೆಲ್ಲಾಪಿಲ್ಲಿಯಾದವು. "ಎತ್ತಂದ್ನೆಲ್ಲ."

ಕಾಕಾ ಎದ್ದ. ಕಾಲು ಹಿಡಿದ.

ಮಾಲಿಂಗಪ್ಪ ಒದರಿದ್ದು ಕೇಳಿ, ಓಣಿಯ ಕಿರಾಣಿ ಅಂಗಡಿಯ ಕೆಂಚಪ್ಪ ಆಗಲೇ ತನ್ನ ಟಂಟಂ ರಿಕ್ಷಾ ತಂದು ಬಾಗಿಲಿಗೆ ನಿಲ್ಲಿಸಿದ್ದ. ಅವನು ಬಣಜಿಗರವನು, ಈ ದೇವರಿಗೆ ನಡೆದುಕೊಳ್ಳುವವನಲ್ಲ. ಅದಕ್ಕೇ ಇಷ್ಟು ಹೊತ್ತು ಬೇರೆಯವರ ದೇವರ ವಿಷಯವೆಂದು ಅಂಗಡಿಯಲ್ಲೇ ಸುಮ್ಮನೆ ಕೂತಿದ್ದ. ಆ ಸುಮ್ಮನಿದ್ದುದರ ಮೇಲೂ ಮಾಲಿಂಗಪ್ಪನಿಗೆ ಸಿಟ್ಟು ಬಂತು. ಆದರೆ ಗಾಡಿ ಅವನದು. "ನೋಡಾಕ ಬರೋರು ಹತ್ತಬ್ಯಾಡ್ರಿ," ಎಂದ ಕೆಂಚಪ್ಪ. "ಹಿಡ್ಯಾಕ ಬರೋರು ಇಬ್ಬರು ಹತ್ರಿ."

ದಾರಿಯುದ್ದಕ್ಕೂ ಮಾಲಿಂಗಪ್ಪ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟು ಮಗ್ಗುಲಿಗೆ ಹಿಡಿದುಕೊಂಡಿದ್ದ. ಎದುರಿಗೆ ಕಾಕಾ, ಮಡಿಲಲ್ಲಿ ಮುತ್ತಪ್ಪನ ಕಾಲು. ಮುಂದೆ ಕೆಂಚಪ್ಪನ ಬಾಜೂಕ್ಕೆ ರಾಮವ್ವ. ಗುಂಡಿಯಲ್ಲಿ ಗಾಡಿ ಕುಣಿದಾಗಲೆಲ್ಲ ಕಾಕಾ ಏನೋ ಹೇಳಲು ಬಾಯಿ ತೆರೆಯುತ್ತಿದ್ದ.

"ಮಾತಾಡಬ್ಯಾಡ," ಎಂದ ಮಾಲಿಂಗಪ್ಪ. "ಇವ ಉಳದ್ರ ಮಾತಾಡೂಣು. ಉಳೀಲಿಲ್ಲಂದ್ರ ನೀ ಆ ಗುಡಿ ಬಾಗಿಲಾ ಹೆಂಗ ತಗೀತಿ, ನೋಡೇ ಬಿಡ್ತೀನಿ."

ದವಾಖಾನೆಯಲ್ಲಿ ಡಾಕ್ಟರು ಪಟ್ಟಿ ನೋಡಿದರು, ರೋಗಿಯ ಕಾಲು ನೋಡಿದರು, ಹೆಚ್ಚು ಕೇಳಲಿಲ್ಲ. ಫಿಟ್ಸ್ ನಿಲ್ಲಲು ಸೂಜಿ ಚುಚ್ಚಿ, ಮೈ ತಂಪು ಮಾಡಿಸಿ, ಮೂಗಿನಲ್ಲಿ ನಳಿಕೆ ಹಾಕಿ, ಅದೇ ಗುಳಿಗೆಯನ್ನು ಅರೆದು ಮತ್ತೆ ಶುರು ಮಾಡಿಸಿದರು. ಆಮೇಲೆ ಹೊರಗೆ ಬಂದು ರಾಮವ್ವನಿಗೆ ಹೇಳಿದರು: "ಇನ್ನಷ್ಟ ತಡಾ ಮಾಡಿದ್ರ ನನ್ನ ಕಡೆ ತರೂ ಅವಶ್ಯಾನs ಇರಲಿಲ್ಲ."

ತುಕ್ಕಾನಟ್ಟಿಯಿಂದ ಕುಬುಸದ ಹಸಿರು ಸೀರೆಯಲ್ಲೇ ಬಂದ ನಾಗರತ್ನಾ ಅಳಲಿಲ್ಲ. ಅತ್ತೆಯ ಎದುರಿಗೆ ನಿಂತು, "ಹೊತ್ತೊತ್ತಿಗೆ ಕೊಡ್ತೀನಂತ ಆಣಿ ಮಾಡಿದ್ರಿ," ಎಂದಳು. ಅಷ್ಟೇ. ಒಳಗೆ ಹೋಗಿ ಗಂಡನ ಕಣ್ಣಿನಲ್ಲಿದ್ದ ಭಂಡಾರವನ್ನು ಹಸಿ ಬಟ್ಟೆಯಿಂದ ತೆಗೆಯತೊಡಗಿದಳು.

ಮುತ್ತಪ್ಪನಿಗೆ ಪೂರ್ತಿ ಎಚ್ಚರ ಬರುವುದರೊಳಗೆ ಎರಡು ಮೂರು ದಿನ ಹೋದವು. ಜ್ವರ ಇಳಿಯಿತು, ಕಾಲು ಸಡಿಲಾದವು, ನಳಿಕೆ ತೆಗೆದರು. ಅಷ್ಟೂ ದಿನ ಮಾಲಿಂಗಪ್ಪ ಕಾಕಾನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಮಸೆದಿಟ್ಟುಕೊಂಡಿದ್ದ. ಕಾಕಾ ದಿನಾ ಬರುತ್ತಿದ್ದ, ಬಂದು ವಾರ್ಡಿನ ಹೊರಗೆ ಕಟ್ಟಿಗೆಯ ಬಾಕಿನ ಮೇಲೆ ಕೂಡುತ್ತಿದ್ದ, ಸಂಜೆ ಬಸ್ಸಿಗೆ ಹೋಗುತ್ತಿದ್ದ.

ಮುತ್ತಪ್ಪ ಗಂಜಿ ಕುಡಿದ ಮಧ್ಯಾಹ್ನ ಮಾಲಿಂಗಪ್ಪ ಹೇಳಿದ: "ಇವತ್ತ ಆ ಮುದುಕನ ಮಾರಿ ನೀರ ಇಳಸ್ತೀನಿ, ಅಣ್ಣಾ. ನಿನ್ನ ಮಂದಿ ಮುಂದ ಕೂಡಿಸಿ ಭಂಡಾರ ಬಳದು, ಸಾಯಾಕ ಬಿಟ್ಟಿದ್ದ."

"ಅವನ ಬೈಬ್ಯಾಡ," ಎಂದ ಮುತ್ತಪ್ಪ.

"ಯಾಕ?"

"ಗುಳಿಗಿ ಬಿಡ್ತೀನಂತ ನಾನs ಹೇಳಿದ್ನಿ. ಅವ್ವ ಅಂಜಿದ್ಲು. ನಾಗಿ ಬರೂದ್ರಾಗ ಮುಗೀತೇತಿ ಬಿಡು ಅಂದ್ನಿ."

ಮಾಲಿಂಗಪ್ಪ ಹಾಸಿಗೆಯ ಕಬ್ಬಿಣದ ಸರಳು ಹಿಡಿದು ನಿಂತ. "ಡಾಕ್ಟರ್ ಹೇಳಿದ್ದು ನಿನಗ ಗೊತ್ತಿರಲಿಲ್ಲೇನ?"

"ಗೊತ್ತಿತ್ತು." ಮುತ್ತಪ್ಪ ಮಾಳಿಗೆ ನೋಡುತ್ತ ಮಾತಾಡಿದ. "ನೋಡ, ಕಬ್ಬ ಹೇರಾಕ ಬರೂದಿಲ್ಲ. ಕುರಿ ಹಿಂದ ಹೋಗಾಕ ಬರೂದಿಲ್ಲ. ನೀ ದುಡೀತಿ, ಅಕಿ ದುಡೀತಾಳ. ಕೂತ ಮಾಡೂ ಕೆಲಸ ನನ್ನ ಪಾಲಿಗೆ ಊರಾಗ ಒಂದs ಇತ್ತು. ಗದ್ದಿಗಿ. ಅದಕ್ಕ ಕಾಲ ಬೇಕಾಗಿಲ್ಲ. ಕಾಕಾ ಬಂದು ಕೇಳಿದಾಗ ನನಗೆ ಹೆಂಗಾತು ಅಂತಿ... ಬಿದ್ದಾಗಿಂದ ಮಂದಿ ಬಂದು ನೋಡ್ಕೊಂಡು ಹೋಗ್ತಾರ. ಯಾರೂ ನನ್ನ ಏನೂ ಕೇಳಿರಲಿಲ್ಲ."

ಮಾಲಿಂಗಪ್ಪ ಸರಳು ಬಿಟ್ಟ. ಯಾರನ್ನು ಬೈಯಬೇಕು? ಅಣ್ಣನನ್ನೇ ಎತ್ತಿ ಕುಕ್ಕಬೇಕೆನಿಸಿತು. ತನ್ನನ್ನೂ. ಗುಳಿಗೆ ಮುಗಿಯದಂತೆ ನೋಡಿಕೊಂಡದ್ದು ಬಿಟ್ಟರೆ, ಅಣ್ಣನಿಗೆ ಏನು ಬೇಕೆಂದು ತಾನೂ ಕೇಳಿರಲಿಲ್ಲ. ಅವನು ದಡದಡ ಹೊರಗೆ ನಡೆದ.

ಬಾಕಿನ ಮೇಲೆ ಕಾಕಾ ಎಳನೀರಿನ ಕಾಯಿ ಇಟ್ಟುಕೊಂಡು ಕೂತಿದ್ದ. ಇವನನ್ನು ಕಂಡು ಅರ್ಧ ಎದ್ದ.

"ಕುಂಡ್ರು," ಎಂದ ಮಾಲಿಂಗಪ್ಪ. "ಒಂದ ಮಾತ ಕೇಳ್ತೀನಿ. ನೀ ಬಿಪಿ ಗುಳಿಗಿ ನುಂಗ್ತಿಯಲ್ಲ?"

"ನುಂಗ್ತೀನಿ. ಪೂಜಿ ಇದ್ದ ದಿನ ಬಿಡ್ತೀನಿ. ನನಗೇನೂ ಆಗಿಲ್ಲಲ್ಲೋ, ಮಾಲಿಂಗಾ. ಅದಕ್ಕ ಇವಗೂ ಏನಾಗ್ತೇತಿ ಅನ್ಕೊಂಡ್ನಿ."

"ನಿನಗ ಏನೂ ಆಗಿಲ್ಲಂತ ಅವನ ಜೀವದ ಮ್ಯಾಲ ನೋಡಿದ್ಯಾ? ಗುಳಿಗಿ ಅಂದ್ರ ಎಲ್ಲಾ ಒಂದ ಅನ್ಕೊಂಡ್ಯಾ?"

ಕಾಕಾ ತಲೆ ತಗ್ಗಿಸಿದ. "ತಪ್ಪಾತು."

"ನಿನ್ನ ತಪ್ಪ ತೊಗೊಂಡು ನಾ ಏನ ಮಾಡ್ಲಿ? ಒಳಗ ನಡಿ. ಗುಳಿಗಿ ನುಂಗಿದವ ಗದ್ದಿಗಿಗೆ ಕುಂಡ್ರಬಹುದು ಅಂತ ಅವನ ಮುಂದ ಹೇಳು. ಇಲ್ಲಂದ್ರ ನಾಳೆ ಮನಿಗೆ ಹೋದಮ್ಯಾಲ ಮತ್ತ ಬಿಡ್ತಾನ. ನಾ ಹುಕ್ಕೇರ್ಯಾಗ ಇರ್ತೀನಿ. ಯಾರ ಕಾಯ್ತಾರ?"

"ಕಟ್ಟಳಿ ನಂದಲ್ಲೋ. ಹಿರ್ಯಾರದು."

"ಆ ಹಿರ್ಯಾರ ಕಾಲಕ್ಕ ಬೆನ್ನ ಮುರದವ ಮನ್ಯಾಗs ಸಾಯ್ತಿದ್ದ, ಕಾಕಾ. ಗದ್ದಿಗಿ ತನಕಾ ಬರ್ತಿರಲಿಲ್ಲ. ಅಂಥವಗ ಕಟ್ಟಳಿ ಹಾಕೂ ಪಾಳಿ ಅವರಿಗೆ ಬಂದs ಇಲ್ಲ. ನಿನಗ ಬಂದೇತಿ. ಹೇಳ್ತಿಯೋ ಇಲ್ಲೋ?"

ನರ್ಸಬಾಯಿ ಗುಳಿಗೆಯ ತಟ್ಟೆ ಹಿಡಿದು ಅವರೆದುರಿಗೇ ವಾರ್ಡಿನೊಳಗೆ ಹೋದಳು. ಆಗ ಕಾಕಾ ಎಳನೀರನ್ನು ಬಾಕಿನ ಮೇಲೇ ಬಿಟ್ಟು ಎದ್ದು ಅವಳ ಹಿಂದೆ ನಡೆದ. ಮಾಲಿಂಗಪ್ಪ ಬಾಗಿಲಲ್ಲಿ ಕೈಕಟ್ಟಿ ನಿಂತ.

ಕಾಕಾ ನರ್ಸಿನ ಕೈಯಿಂದ ಗುಳಿಗೆ ಕೇಳಿ ತೆಗೆದುಕೊಂಡ. ಎರಡೂ ಕಣ್ಣಿಗೆ ಒತ್ತಿಕೊಂಡ. ಹಣೆಗೆ ಮುಟ್ಟಿಸಿದ. ಆಮೇಲೆ ಮುತ್ತಪ್ಪನ ಅಂಗೈಯಲ್ಲಿಟ್ಟು, "ನುಂಗು, ಪೂಜೇರಿ," ಎಂದ.

ಅದು ಪ್ರಸಾದವಲ್ಲ, ಮುದುಕಾ, ಔಷಧ, ಎಂಬ ಮಾತು ಮಾಲಿಂಗಪ್ಪನ ನಾಲಿಗೆ ತುದಿಗೆ ಬಂದಿತ್ತು. ನಾಳೆ ಇನ್ಯಾರಿಗೋ ನಡ ನೋವೆಂದರೆ ಇದನ್ನೇ ಮುರಿದು ಹಂಚುತ್ತೀ, ಅದನ್ನೂ ನಾನೇ ಬಂದು ತಡೆಯಬೇಕು ಎಂಬ ಸಿಟ್ಟು ಮೈತುಂಬ ಏರಿತು. ಅವನು ಹಲ್ಲು ಕಚ್ಚಿ, ಅಣ್ಣನ ಗಂಟಲು ಮೇಲೆ ಕೆಳಗೆ ಆಡಿ ಗುಳಿಗೆ ಇಳಿಯುವ ತನಕ ನೋಡುತ್ತ ಸುಮ್ಮನೆ ನಿಂತ.